ವಿಮರ್ಶಕರು ಬೈದ ‘ದಿ ಥಿಂಗ್’ (1982): ಮೊದಲ ಸಲ ನೋಡುವವರಿಗೆ ತೋರಿಸುವುದು ಹೇಗೆ?

ಮಂಜುಗಡ್ಡೆ:
ಜಾನ್ ಕಾರ್ಪೆಂಟರ್ ನಿರ್ದೇಶನದ ‘ದಿ ಥಿಂಗ್’ ನನ್ನ ಅಚ್ಚುಮೆಚ್ಚಿನ ಹಾರರ್ ಸಿನಿಮಾ. ಶನಿವಾರ ರಾತ್ರಿ ಆರು ಜನ ಸೇರಿ ನೋಡುವವರಿದ್ದೇವೆ, ನನ್ನ ಬಿಟ್ಟು ಎಲ್ಲರಿಗೂ ಇದು ಮೊದಲ ಸಲ. ಒಬ್ಬರು ಆಗಲೇ ಹಳೇ ವಿಮರ್ಶೆಗಳನ್ನು ಓದಿಕೊಂಡು, “ಬರೀ ರಕ್ತ ಮಾಂಸ ಅಂತೆ, ಪಾತ್ರಗಳೇ ಇಲ್ಲವಂತೆ” ಅನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ? ಇರೋದು 43 ಇಂಚಿನ ಟಿವಿ, ಒಂದು ಸೌಂಡ್‌ಬಾರ್. ಸೆಟ್ಟಿಂಗ್ ಏನೇನು ಬದಲಿಸಬೇಕು? ಇಂಟರ್ವಲ್ ಎಲ್ಲಿ ಕೊಡಬಹುದು? ಗುಟ್ಟು ಬಿಚ್ಚುವ ಉತ್ತರವಾದರೆ ಮೇಲೆಯೇ ಎಚ್ಚರಿಕೆ ಹಾಕಿ, ಅವರೂ ಇಲ್ಲಿ ಓದುತ್ತಾರೆ.

ರೀಲುಡಬ್ಬಿ:
ಆ ಬೈಗುಳದಲ್ಲಿ ಬಿಡುಗಡೆಯ ಹೊತ್ತಿನ ಪಾಲು ದೊಡ್ಡದು. ಸಿನಿಮಾ ಅಮೆರಿಕದಲ್ಲಿ ತೆರೆಕಂಡದ್ದು 1982ರ ಜೂನ್ 25ಕ್ಕೆ. ಅದಕ್ಕೆ ಸರಿಯಾಗಿ ಎರಡು ವಾರ ಮೊದಲು ‘ಇ.ಟಿ.’ ಬಂದಿತ್ತು. ಮುದ್ದು ಅನ್ಯಗ್ರಹ ಜೀವಿಯನ್ನು ಕಂಡು ಕಣ್ಣೊರೆಸಿಕೊಂಡು ಬಂದ ಜನಕ್ಕೆ, ನಾಯಿಯ ಮುಖ ಸೀಳಿಕೊಂಡು ಹೊರಬರುವ ಜೀವಿ ಬೇಕಿರಲಿಲ್ಲ. ‘ಬ್ಲೇಡ್ ರನ್ನರ್’ ಕೂಡ ಅದೇ ದಿನ ಬಂತು, ಅದೂ ಸೋತಿತು. ‘ದಿ ಥಿಂಗ್’ಗೆ ಹಾಕಿದ ಹಣ ಸುಮಾರು 1.5 ಕೋಟಿ ಡಾಲರ್. ಅಮೆರಿಕದ ಗಳಿಕೆ 2 ಕೋಟಿಯನ್ನೂ ಮುಟ್ಟಲಿಲ್ಲ.

ನ್ಯೂಯಾರ್ಕ್ ಟೈಮ್ಸ್‌ನ ವಿನ್ಸೆಂಟ್ ಕ್ಯಾನ್ಬಿ ಅದನ್ನು ಕಸವೆಂದೇ ತಳ್ಳಿಹಾಕಿದ. ರೋಜರ್ ಎಬರ್ಟ್ 4 ನಕ್ಷತ್ರಕ್ಕೆ ಎರಡೂವರೆ ಕೊಟ್ಟ. ಹೇಸಿಗೆ ಹುಟ್ಟಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲವೆಂದು ಒಪ್ಪಿ, ಪಾತ್ರಗಳು ತೆಳು ಅಂದ. ಎನ್ನಿಯೊ ಮೊರಿಕೋನೆಯಂಥ ಸಂಗೀತಗಾರನನ್ನು ಈ ಸಿನಿಮಾಕ್ಕಾಗಿ ‘ಅತಿ ಕೆಟ್ಟ ಸಂಗೀತ’ದ ರ್‍ಯಾಜಿ ಎಂಬ ಅಣಕು ಪ್ರಶಸ್ತಿಯ ಪಟ್ಟಿಗೆ ಸೇರಿಸಿದರು ಅಂದರೆ ಆಗಿನ ಗಾಳಿ ಹೇಗಿತ್ತು ನೋಡಿ.

ನಿಮ್ಮ ಸ್ನೇಹಿತರಿಗೆ ಹೀಗೆ ಹೇಳಿ. ವಿಮರ್ಶಕರು ಕಂಡದ್ದು ಸುಳ್ಳಲ್ಲ. ಅಂಟಾರ್ಕ್ಟಿಕದ ಸಂಶೋಧನಾ ನೆಲೆಯೊಂದರಲ್ಲಿರುವ ಈ ಹನ್ನೆರಡು ಜನರ ಹೆಂಡತಿ ಮಕ್ಕಳು, ಊರು ಕೇರಿ ಯಾವುದೂ ನಮಗೆ ಗೊತ್ತಾಗುವುದಿಲ್ಲ. ಆದರೆ ಇದು ಯಾರ ರೂಪವನ್ನಾದರೂ ತಾಳಬಲ್ಲ ಜೀವಿಯ ಕಥೆ. ಒಬ್ಬನ ಒಳಗು ನಮಗೆ ಚೆನ್ನಾಗಿ ಗೊತ್ತಿದ್ದರೆ, ಅವನು ಬದಲಾದ ಕೂಡಲೇ ಗುರುತು ಹಿಡಿದುಬಿಡುತ್ತೇವೆ. ಗೊತ್ತಿಲ್ಲದ್ದರಿಂದಲೇ ಪಕ್ಕದಲ್ಲಿ ಕೂತವನ ಮೇಲೂ ಅನುಮಾನ ಬರುವುದು. ‘ಇವನು ಎಂಥವನು’ ಅಂತ ಹುಡುಕುವುದನ್ನು ಬಿಟ್ಟು, ‘ಕೋಣೆಯಲ್ಲಿ ಈಗ ಯಾರಿದ್ದಾರೆ, ಯಾರು ಯಾರ ಜತೆ ಹೊರಗೆ ಹೋದರು’ ಅಂತ ಲೆಕ್ಕ ಇಡಲು ಹೇಳಿ.

ಹನ್ನೆರಡು_ಮುಖ:
ಮೇಲಿನ ಮಾತಿಗೆ ಸೇರಿಸುತ್ತೇನೆ. ಲೆಕ್ಕ ಇಡಬೇಕಾದರೆ ಮುಖ ಗುರುತು ಸಿಗಬೇಕು. ಮೊದಲ ಸಲ ನೋಡುವವರು ಸೋಲುವುದು ಅಲ್ಲೇ. ಎಲ್ಲರೂ ಗಂಡಸರು, ಹಲವರು ಗಡ್ಡದವರು, ಹೊರಗೆ ಹೋದರೆ ಎಲ್ಲರದ್ದೂ ದಪ್ಪ ಜಾಕೆಟ್ಟು. ಒಂದೊಂದು ಗುರುತು ಹಿಡಿದರೆ ಸಾಕು.

ಅಗಲ ಟೋಪಿ, ಗಡ್ಡ, ಹೆಲಿಕಾಪ್ಟರ್: ಮ್ಯಾಕ್‌ರೆಡಿ (ಕರ್ಟ್ ರಸೆಲ್). ಮೂಗುತಿ ಹಾಕಿದ ಡಾಕ್ಟರು ಕಾಪರ್. ಕಾಲಿಗೆ ರೋಲರ್ ಸ್ಕೇಟ್ ಕಟ್ಟಿಕೊಂಡ ಅಡುಗೆಯವ ನಾಲ್ಸ್. ಸೊಂಟದಲ್ಲಿ ಪಿಸ್ತೂಲಿರುವ ಮುಖ್ಯಸ್ಥ ಗ್ಯಾರಿ. ನಾಯಿಗಳ ಹತ್ತಿರವೇ ಸುಳಿದಾಡುವವ ಕ್ಲಾರ್ಕ್. ಎತ್ತರದ ಆಳು, ದನಿ ಗಟ್ಟಿ: ಚೈಲ್ಡ್ಸ್. ರೇಡಿಯೋ ಮುಂದೆ ಕಪ್ಪು ಕನ್ನಡಕದ ವಿಂಡೋಸ್. ಉದ್ದ ಕೂದಲ ಮೆಕ್ಯಾನಿಕ್ ಪಾಮರ್. ಹಿರಿಯ ಜೀವಶಾಸ್ತ್ರಜ್ಞ ಬ್ಲೇರ್, ಅವನ ಸಹಾಯಕ ಫುಕ್ಸ್. ಉಳಿದದ್ದು ನಾರಿಸ್ ಮತ್ತು ಬೆನ್ನಿಂಗ್ಸ್. ಈ ಇಬ್ಬರಿಗೂ ಕಣ್ಣಿಗೆ ಹೊಡೆಯುವ ಗುರುತಿಲ್ಲ, ಹೆಸರು ಕರೆದಾಗ ಕಿವಿಗೊಡಿ. ಸಿನಿಮಾ ಹಾಕುವ ಮೊದಲು ಇದನ್ನು ಎರಡು ನಿಮಿಷದಲ್ಲಿ ಹೇಳಿಬಿಡಬಹುದು, ಗುಟ್ಟೇನೂ ಹೋಗುವುದಿಲ್ಲ.

ಪಾತ್ರಗಳೇ ಇಲ್ಲ ಅನ್ನುವವರಿಗೆ ಶುರುವಿನ ಒಂದು ದೃಶ್ಯ ತೋರಿಸಿ. ಮ್ಯಾಕ್‌ರೆಡಿ ಒಬ್ಬನೇ ಕೂತು ಕಂಪ್ಯೂಟರ್ ಜತೆ ಚೆಸ್ ಆಡುತ್ತಾನೆ. ಗೆದ್ದೆ ಅಂದುಕೊಂಡಿದ್ದಾಗ ಯಂತ್ರ ಚೆಕ್‌ಮೇಟ್ ಅನ್ನುತ್ತದೆ. ಅವನು ಎದ್ದು ಮುಚ್ಚಳ ತೆಗೆದು, ಗ್ಲಾಸಿನಲ್ಲಿದ್ದ ವಿಸ್ಕಿ ಐಸು ಎಲ್ಲವನ್ನೂ ಒಳಗೆ ಸುರಿದುಬಿಡುತ್ತಾನೆ. ಸೋಲುವ ಆಟದಲ್ಲಿ ಹಲಗೆಯನ್ನೇ ಸುಡುವ ಮನುಷ್ಯ ಇವನು ಅಂತ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಕೊನೆಯವರೆಗೂ ಅವನು ಮಾಡುವುದು ಅದನ್ನೇ.

ಪರದೆ_ಪೆಟ್ಟಿಗೆ:
ಸೆಟ್ಟಿಂಗ್ ವಿಷಯಕ್ಕೆ ಬರುತ್ತೇನೆ.

ಮೊದಲು ಸರಿಯಾದ ಸಿನಿಮಾ ತಾನೇ ನೋಡಿಕೊಳ್ಳಿ. 2011ರಲ್ಲಿ ಇದೇ ಹೆಸರಿನದು ಇನ್ನೊಂದು ಬಂದಿದೆ, ಕಥೆಯ ಹಿಂದಿನ ಭಾಗ. ಅದಕ್ಕೂ ರಬ್ಬರಿನ ಜೀವಿಗಳನ್ನು ಮಾಡಿದ್ದರು, ಆಮೇಲೆ ಬಹುಪಾಲನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನಿಂದ ಮುಚ್ಚಿದರು. ನಿಮಗೆ ಬೇಕಾದದ್ದು 1982ರದು, 109 ನಿಮಿಷ. ಯುರೋಪಿನ ಹಳೇ ಡಿವಿಡಿಯಲ್ಲಿ 104–105 ನಿಮಿಷ ತೋರಿಸಿದರೆ ಗಾಬರಿ ಬೇಡ, ಕತ್ತರಿ ಬಿದ್ದಿಲ್ಲ. ಸೆಕೆಂಡಿಗೆ 24 ಚಿತ್ರಗಳ ಫಿಲ್ಮನ್ನು 25ರ ವೇಗದಲ್ಲಿ ಓಡಿಸಿರುತ್ತಾರೆ, ಅಷ್ಟೆ. ಆದರೆ ಹಿನ್ನೆಲೆಯಲ್ಲಿ ಒಬ್ಬ ನಿರೂಪಕ ಪಾತ್ರಗಳನ್ನು ಪರಿಚಯಿಸುತ್ತಿದ್ದರೆ ಅದು ಅಮೆರಿಕದ ಟಿವಿಗಾಗಿ ತಿದ್ದಿದ ಪ್ರತಿ. ಕೂಡಲೇ ನಿಲ್ಲಿಸಿ, ಬೇರೆ ಹುಡುಕಿ.

ಟಿವಿಯಲ್ಲಿ ಚಲನೆಯನ್ನು ನುಣ್ಣಗೆ ಮಾಡುವ ಆಯ್ಕೆ ಆಫ್ ಆಗಲೇಬೇಕು. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ ಅಂತ ಇರುತ್ತದೆ. ಅದು ಇಲ್ಲದ ಚಿತ್ರಗಳನ್ನು ನಡುವೆ ತುರುಕಿ ಎಲ್ಲವನ್ನೂ ಧಾರಾವಾಹಿಯ ಹಾಗೆ ಮಾಡುತ್ತದೆ. ಆಗ ಲೋಳೆ ಸುರಿಸುವ ಜೀವಿ ತಟ್ಟನೆ ರಬ್ಬರ್ ಬೊಂಬೆಯಾಗಿ ಕಾಣುತ್ತದೆ. ‘ಎಫೆಕ್ಟ್ಸ್ ಹಳತಾಗಿದೆ’ ಅನ್ನುವ ದೂರಿನಲ್ಲಿ ಅರ್ಧ ಇದರದ್ದೇ ಕೆಲಸ. ಪಿಕ್ಚರ್ ಮೋಡ್ ಫಿಲ್ಮ್‌ಮೇಕರ್ ಅಥವಾ ಸಿನೆಮಾ ಇರಲಿ. ವಿವಿಡ್ ಹಾಕಿದರೆ ಹಿಮ ನೀಲಿಗೆ ತಿರುಗಿ, ಉರಿಯುವ ಕೆಂಪು ದೀಪಗಳಲ್ಲಿ ಮುಖದ ವಿವರ ಸುಟ್ಟುಹೋಗುತ್ತದೆ.

ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಯಾರಾದರೂ ಜೂಮ್ ಒತ್ತಿದರೆ ಚಿತ್ರದ ಕಾಲು ಭಾಗ ಹೋಯಿತು. ಇದು 2.39:1 ಅಗಲದ ಚಿತ್ರ, ಟಿವಿ 1.78:1. ಛಾಯಾಗ್ರಾಹಕ ಡೀನ್ ಕಂಡಿ ಅಂಚಿನಲ್ಲೂ ಜನರನ್ನು ನಿಲ್ಲಿಸುತ್ತಾನೆ. ಮಾತಾಡುತ್ತಿರುವವನು ನಡುವೆ, ಸುಮ್ಮನೆ ನೋಡುತ್ತಿರುವವನು ಅಂಚಿಗೆ. ಅನುಮಾನ ಪಡಬೇಕಾದವನನ್ನೇ ಕತ್ತರಿಸಿ ಎಸೆದ ಹಾಗಾಗುತ್ತದೆ.

ಸೌಂಡ್‌ಬಾರಿನ ನೈಟ್ ಮೋಡ್, ಆಟೋ ವಾಲ್ಯೂಮ್ ಎರಡೂ ತೆಗೆಯಿರಿ. ಅವು ಸಣ್ಣ ಸದ್ದನ್ನು ಏರಿಸಿ ದೊಡ್ಡದನ್ನು ಇಳಿಸುತ್ತವೆ. ಈ ಸಿನಿಮಾದ ಬೆದರಿಕೆಯೆಲ್ಲ ಆ ಅಂತರದಲ್ಲಿದೆ. ಮೊರಿಕೋನೆಯ ‘ಡುಮ್-ಡುಮ್’ ಎದೆಬಡಿತ ತೀರ ಕೆಳಗಿನ ಸ್ವರ, ಟಿವಿಯ ಸ್ಪೀಕರಿಗೆ ಅದು ದಕ್ಕುವುದೇ ಇಲ್ಲ. ಸಬ್‌ವೂಫರ್ ಇದ್ದರೆ ಹಾಕಿ. ಮಾತು ಸರಿಯಾಗಿ ಕೇಳದಿದ್ದರೆ ಆಡಿಯೋ ಔಟ್‌ಪುಟ್ಟನ್ನು ‘ಸ್ಟೀರಿಯೋ ಪಿಸಿಎಂ’ ಎಂಬ ಎರಡು ಚಾನೆಲ್ಲಿನ ಆಯ್ಕೆಗೆ ಬದಲಿಸಿ ನೋಡಿ.

ಟ್ಯೂಬ್‌ಲೈಟ್ ಆರಿಸಲೇಬೇಕು. ಪರದೆಯ ಮೇಲೆ ಅದರ ಬಿಂಬ ಕೂತರೆ ಓಣಿಯ ಕತ್ತಲಲ್ಲಿ ಏನೂ ಕಾಣದು.

ಲೋಳೆ_ಮತ್ತು_ಲ್ಯಾಟೆಕ್ಸ್:
ಎಚ್ಚರಿಕೆ: ಈ ಉತ್ತರದಲ್ಲಿ ಗುಟ್ಟುಗಳಿವೆ. ಮೊದಲ ಸಲ ನೋಡುವವರು ಮುಂದಕ್ಕೆ ಹೋಗಿ.

‘ಬರೀ ರಕ್ತ ಮಾಂಸ’ ಅಂದವರಿಗೆ ಆ ಮಾಂಸ ಏನು ಅಂತ ಸಿನಿಮಾ ಮುಗಿದ ಮೇಲೆ ಹೇಳಿ. ಈ ಜೀವಿಗಳಲ್ಲಿ ಬಹುಪಾಲನ್ನು ಮಾಡಿದ ರಾಬ್ ಬಾಟೀನ್‌ಗೆ ಆಗ ಇಪ್ಪತ್ತರ ಆಚೀಚಿನ ವಯಸ್ಸು. ಫೋಮ್ ಲ್ಯಾಟೆಕ್ಸ್, ಜಾರುವ ಜೆಲ್ಲಿ, ಮಯೋನೀಸ್, ಕ್ರೀಮಿನಲ್ಲಿ ಬೆಂದ ಜೋಳ, ಕಾಯಿಸಿ ಕರಗಿಸಿದ ಬಬಲ್‌ಗಮ್ಮು, ಇಂಥವೆಲ್ಲ ಅಲ್ಲಿ ಕೆಲಸಕ್ಕೆ ಬಂದವು. ಕೆಲಸ ಮೈಮೇಲೆ ಬಿದ್ದು ಅವನು ಆಸ್ಪತ್ರೆ ಸೇರಿದ. ನಾಯಿಗೂಡಿನ ಜೀವಿಯನ್ನು ಸ್ಟ್ಯಾನ್ ವಿನ್‌ಸ್ಟನ್ ಮಾಡಿಕೊಟ್ಟ.

ಡಾಕ್ಟರು ನಾರಿಸ್‌ನ ಎದೆಗೆ ಶಾಕ್ ಕೊಡುವಾಗ ಎದೆಯೇ ಬಾಯಿಯಾಗಿ ತೆರೆದು ಎರಡೂ ಕೈ ಕಚ್ಚಿ ತುಂಡರಿಸುತ್ತದಲ್ಲ, ಆ ಶಾಟ್‌ನಲ್ಲಿರುವುದು ಎರಡೂ ಕೈಗಳಿಲ್ಲದ ವ್ಯಕ್ತಿ. ಅವರಿಗೆ ನಟ ರಿಚರ್ಡ್ ಡೈಸರ್ಟ್‌ನ ಮುಖವಾಡ ಹಾಕಿ, ಕೃತಕ ತೋಳು ಜೋಡಿಸಿದ್ದರು. ಕತ್ತು ಉದ್ದವಾಗಿ ಹರಿದು ತಲೆ ಬೇರೆಯಾಗುವ ಶಾಟ್‌ಗೆ ಬಳಸಿದ ರಾಸಾಯನಿಕದ ಆವಿ ತುಂಬಿಕೊಂಡಿದ್ದಾಗ ಬೆಂಕಿ ಹಚ್ಚಿದ್ದರಿಂದ ಒಮ್ಮೆ ಬೊಂಬೆಯೇ ಭುಗ್ಗೆಂದಿತ್ತು.

ಆದರೂ ನನ್ನ ಮಟ್ಟಿಗೆ ಇಡೀ ಸಿನಿಮಾದ ಶಿಖರ ರಕ್ತಪರೀಕ್ಷೆ. ಸಾಮಾನು ಎಷ್ಟು ಕಡಿಮೆ ನೋಡಿ: ಗಾಜಿನ ತಟ್ಟೆಗಳಲ್ಲಿ ಒಬ್ಬೊಬ್ಬರ ರಕ್ತ, ಒಂದು ತಂತಿ, ಕಾಯಿಸಲು ಬೆಂಕಿ. ಬಿಸಿ ತಂತಿ ಮುಟ್ಟಿದಾಗ ಮನುಷ್ಯರ ರಕ್ತ ‘ಚುಂಯ್’ ಅನ್ನುತ್ತದೆ, ಜೀವಿಯದಾದರೆ ತಪ್ಪಿಸಿಕೊಳ್ಳಲು ಹಾರುತ್ತದೆ. ವಿಂಡೋಸ್‌ನದು ಚುಂಯ್, ಮ್ಯಾಕ್‌ರೆಡಿಯದು ಚುಂಯ್, ಸತ್ತ ಇಬ್ಬರದೂ ಚುಂಯ್. ಸತ್ತವರಲ್ಲಿ ಕ್ಲಾರ್ಕ್ ಮನುಷ್ಯನೇ ಆಗಿದ್ದ, ಅಂದರೆ ಮ್ಯಾಕ್‌ರೆಡಿ ಕೊಂದದ್ದು ಮನುಷ್ಯನನ್ನು. ಆ ಆಘಾತ ಇಳಿಯುವ ಮುಂಚೆ ನಮ್ಮ ಗಮನ ಗ್ಯಾರಿಯ ಕಡೆ ತಿರುಗಿರುತ್ತದೆ. ಪಾಮರ್‌ನ ತಟ್ಟೆಗೆ ತಂತಿ ಇಟ್ಟದ್ದು ಮಾತಿನ ನಡುವೆ, ಅವನ ಸರದಿಗೆ ಯಾವ ಸಿದ್ಧತೆಯೂ ಇಲ್ಲದೆ. ರಕ್ತ ಚಂಗನೆ ಹಾರುವುದು ಆಗ. ಅದಕ್ಕಿಂತ ಭಯಂಕರ ಮುಂದಿನದು: ಪಾಮರ್ ರೂಪದ ಆ ಜೀವಿಯ ಜತೆ ಒಂದೇ ಸೋಫಾಕ್ಕೆ ಕಟ್ಟಿಹಾಕಿದವರು ಬಿಡಿಸಿಕೊಳ್ಳಲಾಗದೆ ಒದ್ದಾಡುವುದು.

ವಿಮರ್ಶಕರ ಒಂದು ಮಾತನ್ನು ಒಪ್ಪುತ್ತೇನೆ. ಕೊನೆಯ ದೊಡ್ಡ ಜೀವಿ ಸಪ್ಪೆ. ಅದಕ್ಕಾಗಿ ಬೊಂಬೆಯನ್ನು ಚೂರುಚೂರೇ ಸರಿಸುತ್ತ ತೆಗೆದ ಸ್ಟಾಪ್‌ಮೋಷನ್ ಉಳಿದ ಚಿತ್ರಕ್ಕೆ ಹೊಂದಲಿಲ್ಲ ಅಂತ ಬಹುಪಾಲು ಕೈಬಿಟ್ಟರು. ಉಳಿದದ್ದು ಕ್ಷಣಮಾತ್ರ, ಗುಂಗು ಹಿಡಿಸುವಂಥದ್ದಲ್ಲ.

ಮಂಜುಗಡ್ಡೆ:
ತುಂಬಾ ಉಪಕಾರ. ಇಂಟರ್ವಲ್? ಇನ್ನೊಂದು, ಬರುವವರಲ್ಲಿ ಒಬ್ಬರು ನಾಯಿ ಸಾಕಿದವರು. ಸಬ್‌ಟೈಟಲ್ ಬೇಕೇಬೇಕು ಅನ್ನುವವರೂ ಇದ್ದಾರೆ.

ರೀಲುಡಬ್ಬಿ:
ನಾಯಿ ಸಾಕಿದವರಿಗೆ ಮೊದಲೇ ಹೇಳಿಬಿಡಿ, ತಪ್ಪಿಸಬೇಡಿ. ಸುಮಾರು ಅರ್ಧ ಗಂಟೆಗೆ ನಾಯಿಗೂಡಿನ ದೃಶ್ಯ ಬರುತ್ತದೆ, ಕೆಟ್ಟದಾಗಿಯೇ ಇದೆ. ಕ್ಲಾರ್ಕ್ ಗೂಡಿನ ದೀಪ ಆರಿಸಿ ಹೊರಗೆ ಹೋಗುತ್ತಾನೆ, ಅವರು ಅಲ್ಲಿ ಎದ್ದು ನೀರು ತರಲು ಹೋಗಬಹುದು. ಸುಟ್ಟ ಜೀವಿಯನ್ನು ಮೇಜಿನ ಮೇಲೆ ಹಾಕಿ ಬ್ಲೇರ್ ವಿವರಿಸುವಾಗ ವಾಪಸ್ ಬಂದರೆ ಕಥೆ ತಪ್ಪುವುದಿಲ್ಲ.

ಇಂಟರ್ವಲ್‌ಗೆ ಒಂದೇ ಒಳ್ಳೆಯ ಜಾಗ: ಬ್ಲೇರ್ ರೇಡಿಯೋ ಒಡೆದುಹಾಕಿ, ಅವನನ್ನು ಹೊರಗಿನ ಶೆಡ್‌ನಲ್ಲಿ ಕೂಡಿಹಾಕಿದ ಮೇಲೆ. ಹೊರಜಗತ್ತಿನ ದಾರಿ ಅಲ್ಲಿಗೆ ಮುಚ್ಚಿತು. ಚಹಾ ಅಲ್ಲೇ ಮುಗಿಸಿ, ಅದರಾಚೆ ಎಲ್ಲೂ ನಿಲ್ಲಿಸಬೇಡಿ. ನಾರಿಸ್‌ನ ಎದೆಯಿಂದ ರಕ್ತಪರೀಕ್ಷೆಯವರೆಗೆ ಒಂದೇ ಉಸಿರಿನ ಓಟ.

ಸಬ್‌ಟೈಟಲ್ ಹಾಕಿ, ಆದರೆ ಮೊದಲ ಹತ್ತು ನಿಮಿಷ ನೀವೊಬ್ಬರೇ ಮೊದಲೇ ಓಡಿಸಿ ಪರೀಕ್ಷಿಸಿ. ನಾಯಿಯನ್ನು ಅಟ್ಟಿಸಿಕೊಂಡು ಬರುವ ನಾರ್ವೆಯವನು ತನ್ನ ಭಾಷೆಯಲ್ಲಿ ಕೂಗುವುದು ಕಥೆಯ ಗುಟ್ಟನ್ನೇ. ಅಲ್ಲಿದ್ದ ಅಮೆರಿಕನ್ನರಿಗೆ ಅದು ಅರ್ಥವಾಗುವುದಿಲ್ಲ, ನಮಗೂ ಆಗಬಾರದು. ಹೊರಗಿನಿಂದ ಇಳಿಸಿದ ಕೆಲವು ಸಬ್‌ಟೈಟಲ್ ಫೈಲುಗಳಲ್ಲಿ ಅದನ್ನೂ ಅನುವಾದಿಸಿರುತ್ತಾರೆ. ಹಾಗಿದ್ದರೆ ಆ ಸಾಲುಗಳನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಅಳಿಸಿ, ಸೇವ್ ಮಾಡಿ.

ಪರದೆ_ಪೆಟ್ಟಿಗೆ:
ಆಪ್‌ನಲ್ಲಿ ನೋಡುವುದಾದರೆ ಆಟೋಪ್ಲೇ ಕೂಡ ಆಫ್ ಮಾಡಿಡಿ. ಇಬ್ಬರು ಮಂಜಿನಲ್ಲಿ ಎದುರುಬದುರು ಕೂತು, ಪರದೆ ಕಪ್ಪಾಗಿ, ಆ ಎದೆಬಡಿತ ಮತ್ತೆ ಶುರುವಾಗುತ್ತದೆ. ಅಷ್ಟರಲ್ಲಿ ಚಿತ್ರ ಮೂಲೆಗೆ ಕುಗ್ಗಿ ಇನ್ನೊಂದು ಸಿನಿಮಾದ ಜಾಹೀರಾತು ಬಂದರೆ ಅದುವರೆಗಿನದೆಲ್ಲ ನೀರುಪಾಲು. ಹೆಸರುಗಳು ಪೂರ್ತಿ ಹೋಗುವವರೆಗೂ ದೀಪ ಹಾಕಬೇಡಿ.