ಅಪ್‌ಡೇಟ್: ಸಿಲ್ವರ್ ಸ್ಟಾರ್, ಟಾರೋನ್ ಎರಡೂ ರೋಲರ್ ಕೋಸ್ಟರ್‌ಗಳನ್ನು ಹತ್ತಿ ಬಂದೆ

ಜರ್ಮನಿಗೆ ಹೋದರೆ ಯೂರೋಪಾ ಪಾರ್ಕಿನ ಸಿಲ್ವರ್ ಸ್ಟಾರ್ ಮೇಲಾ, ಫ್ಯಾಂಟಸಿಯಾಲ್ಯಾಂಡಿನ ಟಾರೋನ್ ಮೇಲಾ ಅಂತ ಕೇಳಿದ್ದೆನಲ್ಲ, ನನ್ನ ಓಟು ಟಾರೋನ್‌ಗೆ. ಸಿಲ್ವರ್ ಸ್ಟಾರ್ 73 ಮೀಟರ್ ಎತ್ತರ, ಪ್ರತಿ ಗುಡ್ಡದ ತುದಿಯಲ್ಲೂ ಸೀಟಿನಿಂದ ಮೈ ಮೇಲೆದ್ದು ಹಾಯಾಗಿ ತೇಲುತ್ತದೆ, ಹಿಂದಿನ ಸಾಲಿನಲ್ಲಿ ಇನ್ನೂ ಜಾಸ್ತಿ. ಟಾರೋನ್ 30 ಮೀಟರ್ ಅಷ್ಟೇ. ಆದರೆ ಅದು ಎತ್ತರವನ್ನು ನಂಬಿಕೊಂಡಿಲ್ಲ. ಹಳಿಯಲ್ಲಿರುವ ಮ್ಯಾಗ್ನೆಟ್ ಮೋಟಾರುಗಳು ರೈಲನ್ನು ಎರಡು ಸಲ ತಳ್ಳುತ್ತವೆ, ಎರಡನೆಯದು ಸವಾರಿಯ ನಡುವೆಯೇ, ಗುಂಯ್ ಅನ್ನೋ ಸದ್ದು ಏರುತ್ತಾ ಹೋಗಿ ವೇಗ ಗಂಟೆಗೆ 117 ಕಿಲೋಮೀಟರ್ ಮುಟ್ಟುವಾಗ ಕಣ್ಣಲ್ಲಿ ನೀರೇ ಬರುತ್ತದೆ, ಆಮೇಲೆ ಕಪ್ಪು ಬಂಡೆಗಳ ಸಂದಿಯಲ್ಲಿ ಎಡಕ್ಕೆ ಬಲಕ್ಕೆ ತಿರುವೋ ತಿರುವು. ಉಸಿರಾಡಲೂ ಬಿಡುವುದಿಲ್ಲ! ಟಾರೋನ್‌ನಲ್ಲಿ ಮುಂದಿನ ಸಾಲಿಗೆ ಕಾಯಿರಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಕಾದಿದ್ದಕ್ಕೂ ಸಾರ್ಥಕ.