ಸಹಾಯ ಬೇಕು: ಬೋರ್ಡಿನ ಮೇಲೆ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಊರಿನ ಟೈಲರ್. ಮಗ ತಾನು ಗೇ ಅಂತ ಹೇಳಿ ಮೂರು ವರ್ಷ ಆಯಿತು. ಈಗ ಅವನೂ ಗೆಳೆಯರೂ ಸೇರಿ ನಮ್ಮೂರಲ್ಲೇ ಪ್ರೈಡ್ ಮೆರವಣಿಗೆ, ಅಂದರೆ ಇಂಥವರೂ ಅವರ ಜೊತೆಗಿರುವವರೂ ಹೆಮ್ಮೆಯಿಂದ ನಡೆಯುವ ಮೆರವಣಿಗೆ, ಮಾಡುತ್ತಿದ್ದಾರೆ. ಹೆಚ್ಚೆಂದರೆ ಮೂವತ್ತು ಜನ. ಬೆಂಗಳೂರಲ್ಲಿ 2008ರಿಂದ ನಡೆಯುತ್ತಿದೆ, ಅಲ್ಲಿ ಗುಂಪಲ್ಲಿ ಯಾರು ಯಾರನ್ನು ಗುರುತಿಸುತ್ತಾರೆ? ಇಲ್ಲಿ ಬಸ್ ಸ್ಟ್ಯಾಂಡಿನಿಂದ ಸರ್ಕಲ್‌ವರೆಗೆ ನಿಂತವರೆಲ್ಲ ನನ್ನ ಗಿರಾಕಿಗಳೇ!

ಬಾವುಟ ನಾನೇ ಹೊಲಿದೆ. ಕಾಮನಬಿಲ್ಲು ಅಲ್ವಾ ಅಂತ ಏಳು ಬಣ್ಣದ ಲೈನಿಂಗ್ ಬಟ್ಟೆ ಕತ್ತರಿಸಿಟ್ಟಿದ್ದೆ. "ಅಪ್ಪಾ, ಇದರಲ್ಲಿ ಆರೇ ಪಟ್ಟಿ" ಅಂತ ಮಗ ನಕ್ಕ. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ಏಳನೇ ತುಂಡು ಇನ್ನೂ ಮಿಷನ್ ಮೇಲೇ ಇದೆ.

ಕಷ್ಟ ಇರುವುದು ಮೆರವಣಿಗೆಯಲ್ಲಿ ಹಿಡಿಯುವ ಬೋರ್ಡಿನದು. 1972ರಲ್ಲಿ ನ್ಯೂಯಾರ್ಕಿನಲ್ಲಿ ಜೀನ್ ಮ್ಯಾನ್‌ಫೋರ್ಡ್ ಎಂಬ ಟೀಚರ್ ತಮ್ಮ ಗೇ ಮಗನ ಜೊತೆ ಇಂಥದೇ ಮೆರವಣಿಗೆಯಲ್ಲಿ ಬೋರ್ಡ್ ಹಿಡಿದು ನಡೆದಿದ್ದರಂತೆ. ನನಗೂ ಒಂದು ಬೇಕು. "ಲಿಂಗತ್ವ ಅಲ್ಪಸಂಖ್ಯಾತರು" ಅಂತೆಲ್ಲ ಬರೆದರೆ ಜನ ಓದುವಷ್ಟರಲ್ಲಿ ಮೆರವಣಿಗೆ ದಾಟಿ ಹೋಗಿರುತ್ತದೆ. ನಾಲ್ಕೈದು ಪದ ಸಾಕು. ನಾನು "ಇವನು ನನ್ನ ಮಗ" ಅಂತ ಬರೆದೆ. ಸುಮ್ನೆ ಪರಿಚಯ ಮಾಡಿಕೊಟ್ಟ ಹಾಗಿದೆ ಅಂದಳು ಹೆಂಡತಿ.

ಅವಳಿಗೂ ಬರುವ ಆಸೆ. ಆದರೆ ಅವಳ ಅತ್ತಿಗೆ ನೋಡಿಬಿಟ್ಟರೆ ಅಂತ ಭಯ. ಗೇ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ, ಆದರೆ ಅತ್ತಿಗೆಗೆ ಕೋರ್ಟ್ ಮಾತು ಸಾಲದು. ಹೀಗೆ ಮೆರವಣಿಗೆಯಲ್ಲಿ ನಡೆದ ಅಪ್ಪ ಅಮ್ಮಂದಿರು ಇಲ್ಲಿದ್ದರೆ ಹೇಳಿ, ನೆಂಟರಿಗೆ ಮೊದಲೇ ತಿಳಿಸಿದಿರಾ, ಆಮೇಲೆ ತಿಳಿಸಿದಿರಾ? ಬೋರ್ಡಿಗೊಂದು ಸಾಲನ್ನೂ ಕಳಿಸಿ. ಶನಿವಾರದೊಳಗೆ ಬೇಕು, ಪೇಂಟ್ ಒಣಗಬೇಕಲ್ಲ.