ಊಟದ ತೊಂದರೆ ಇರುವ ಕ್ಲೈಂಟ್‌ಗಳನ್ನು ನೋಡುವವರು ಸೂಪರ್‌ವಿಷನ್‌ಗೆ ಏನು ಮಾಡುತ್ತೀರಿ? ಮಲೆನಾಡಿನವರು ಅನುಭವ ಹೇಳಿ

ಕೇಳಿದವರು: ಸಾಗರದ ಕೌನ್ಸೆಲರ್

ಎಲ್ಲರಿಗೂ ನಮಸ್ಕಾರ. ಸೈಕಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಆರು ವರ್ಷದಿಂದ ಸಾಗರದಲ್ಲಿ ಕೌನ್ಸೆಲಿಂಗ್ ಮಾಡುತ್ತಿದ್ದೇನೆ. ಪರೀಕ್ಷೆ ಭಯ, ಗಂಡ ಹೆಂಡತಿ ಜಗಳ, ಕುಡಿತ, ಇವೆಲ್ಲ ಅಭ್ಯಾಸ ಆಗಿವೆ. ಈ ವರ್ಷ ಊಟದ ತೊಂದರೆಯವರು ಮೂವರು ಒಟ್ಟಿಗೆ ಬಂದಿದ್ದಾರೆ. ಒಬ್ಬಳು ಪಿಯುಸಿ ಹುಡುಗಿ, ಊಟ ಬಿಟ್ಟು ಬಿಟ್ಟು ಕಡ್ಡಿಯಾಗಿದ್ದಾಳೆ. ಮನೆಯವರು ಒಂದು ವರ್ಷ ಪಿತ್ತ, ಗ್ಯಾಸ್ಟ್ರಿಕ್ ಎಂದೇ ಔಷಧಿ ಕೊಡಿಸಿದ್ದಾರೆ. ಇನ್ನೊಬ್ಬರಿಗೆ ಮದುವೆಯಾಗಿದೆ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತು ತಿಂದು, ಹಿತ್ತಿಲಿಗೆ ಹೋಗಿ ವಾಂತಿ ಮಾಡುತ್ತಾರೆ. ಮೂರನೆಯವನು ಜಿಮ್ ಹುಡುಗ.

ಓದಿದ್ದು ಸಾಲುತ್ತಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ. ಸೂಪರ್‌ವಿಷನ್ ಬೇಕು ಅನಿಸಿದೆ, ಅಂದರೆ ನನ್ನ ಕೇಸ್‌ಗಳನ್ನು ಅನುಭವ ಇರುವ ಒಬ್ಬರ ಮುಂದಿಟ್ಟು ಸಲಹೆ ಕೇಳುವುದು. ಯಾರ ಹತ್ತಿರ ಹೋಗಲಿ, ಎಷ್ಟು ದಿನಕ್ಕೊಮ್ಮೆ, ಏನು ತೆಗೆದುಕೊಂಡು ಹೋಗಲಿ? ಆನ್‌ಲೈನ್ ಎಂದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನಿಮಗೇ ಗೊತ್ತಲ್ಲ.

ಶಿವಮೊಗ್ಗದ ಕ್ಲಿನಿಕಲ್ ಸೈಕಾಲಜಿಸ್ಟ್

ಮೇಡಂ, ನಿದ್ದೆ ಬರುತ್ತಿಲ್ಲ ಎಂದು ಬರೆದಿರಲ್ಲ, ಮೊದಲು ತೆಗೆದುಕೊಂಡು ಹೋಗಬೇಕಾದದ್ದು ಅದನ್ನೇ. ಕೇಸ್ ಶೀಟ್ ಆಮೇಲೆ.

ನಾವು ಓದುವಾಗ ಎಂ.ಫಿಲ್.ನ ಎರಡು ವರ್ಷ ತಲೆ ಮೇಲೆ ಸೂಪರ್‌ವೈಸರ್ ಒಬ್ಬರು ಕೂತಿರುತ್ತಿದ್ದರು. ಆಮೇಲೆ ಬೇಕಾದರೆ ನಾವೇ ಹುಡುಕಿಕೊಳ್ಳಬೇಕು. ಬೇಡ ಅಂದರೆ ಯಾರೂ ಕೇಳುವುದಿಲ್ಲ. ನಾನೂ ನಾಲ್ಕು ವರ್ಷ ಬೇಡ ಎಂದೇ ಇದ್ದೆ.

ನನ್ನದೇ ತಪ್ಪು ಹೇಳುತ್ತೇನೆ. ಒಬ್ಬ ಹುಡುಗಿಗೆ ಸಿಬಿಟಿ-ಇ ಶುರು ಮಾಡಿದ್ದೆ. ಊಟದ ತೊಂದರೆಗೆಂದೇ ಆಕ್ಸ್‌ಫರ್ಡಿನ ಫೇರ್‌ಬರ್ನ್ ರೂಪಿಸಿದ ಮಾತಿನ ಚಿಕಿತ್ಸೆಯ ವಿಧಾನ. ತೂಕ ತೀರಾ ಕಡಿಮೆ ಇಲ್ಲದವರಿಗೆ ಸುಮಾರು 20 ಸೆಷನ್, ಕಡಿಮೆ ಇದ್ದವರಿಗೆ 40ರ ತನಕ. ಅದರಲ್ಲಿ ವಾರಕ್ಕೊಮ್ಮೆ ಕ್ಲೈಂಟ್ ಜೊತೆ ನಿಂತು ತೂಕ ನೋಡಿ, ಇಬ್ಬರೂ ಕೂತು ಆ ಅಂಕಿಯ ಬಗ್ಗೆ ಮಾತಾಡಬೇಕು. ಮೊದಲ ವಾರ ನೋಡಿದೆ. ಎರಡನೇ ವಾರ ಅವಳು ಅತ್ತಳು, ಬಿಟ್ಟೆ. ಮೂರನೇ ವಾರ ನಾನೇ ಮರೆತೆ. ಅವಳು ಹಾಸ್ಟೆಲ್ ಬಗ್ಗೆ, ಅಪ್ಪನ ಬಗ್ಗೆ ಚೆನ್ನಾಗಿ ಮಾತಾಡುತ್ತಿದ್ದಳು. ಸೆಷನ್ ಒಳ್ಳೆಯದಾಗುತ್ತಿದೆ ಎಂದೇ ನನಗೆ ಖುಷಿ.

ಎರಡು ತಿಂಗಳಾದ ಮೇಲೆ ಸೀನಿಯರ್ ಒಬ್ಬರ ಹತ್ತಿರ ಹೋಗಿ ಅರ್ಧ ಗಂಟೆ ಕೇಸ್ ಹೇಳಿದೆ. ಅವರು ಕೇಳಿದ್ದು ಒಂದೇ. 'ಈಗ ತೂಕ ಎಷ್ಟಿದೆ?' ನನ್ನ ಹತ್ತಿರ ಅಂಕಿ ಇರಲಿಲ್ಲ. 'ತೂಕದ ಮೆಷಿನ್ ಎಲ್ಲಿದೆ?' ಬೀರು ಪಕ್ಕ ಇದೆ ಅಂದೆ. ವಾಪಸ್ ಬಂದು ನೋಡಿದರೆ ಅದರ ಮೇಲೆ ಫೈಲುಗಳ ಕಟ್ಟು, ಮೇಲೊಂದು ಛತ್ರಿ. ಇಟ್ಟವಳು ನಾನೇ.

ಮುಂದಿನ ಸಲ ಅವರು ಬೈಯಲಿಲ್ಲ. 'ಆ ಕಟ್ಟು ಅಲ್ಲಿಗೆ ಹೇಗೆ ಬಂತು, ಹೇಳಿ' ಅಂದರು. ಒಂದು ಗಂಟೆ ಪೂರ್ತಿ ಅದರ ಮೇಲೇ ಹೋಯಿತು. ಅವಳು ಅಳುವುದು ನನಗೆ ತಡೆಯುತ್ತಿರಲಿಲ್ಲ. ನನ್ನನ್ನು ಕೆಟ್ಟವಳು ಅಂದುಕೊಂಡರೆ ಎಂಬ ಹೆದರಿಕೆಯೂ ಇತ್ತು. ಬ್ರಿಟನ್ನಿನ ಸೈಕಾಲಜಿಸ್ಟ್ ಗ್ಲೆನ್ ವಾಲರ್ 2009ರಲ್ಲಿ ಇದರ ಬಗ್ಗೆಯೇ ಬರೆದಿದ್ದಾರೆ. ಚಿಕಿತ್ಸೆ ಕೊಡುವವರು ಕಷ್ಟದ ಕೆಲಸವನ್ನು ಮೆಲ್ಲಗೆ ಬಿಟ್ಟು, ಹಿತವಾದ ಮಾತಿನ ಕಡೆ ಜಾರಿಬಿಡುತ್ತಾರೆ ಅಂತ. ನಮ್ಮ ಜಾರಿಕೆ ನಮಗೆ ಕಾಣುವುದಿಲ್ಲ. ಹಾಗಾಗಿ ಬರಿ ಸಾರಾಂಶ ಬರೆದುಕೊಂಡು ಹೋಗಬೇಡಿ. ಸಾರಾಂಶದಲ್ಲಿ ಎಲ್ಲರೂ ಜಾಣರೇ. ಕ್ಲೈಂಟ್ ಬರವಣಿಗೆಯಲ್ಲಿ ಒಪ್ಪಿದರೆ ಹತ್ತು ನಿಮಿಷದ ರೆಕಾರ್ಡಿಂಗ್ ಒಯ್ಯಿರಿ. ಚೆನ್ನಾಗಿ ಆಗಿದ್ದನ್ನಲ್ಲ, ಕೇಳಿಸಲು ನಾಚಿಕೆ ಆಗುವಂಥದ್ದನ್ನು.

ಯಾರ ಹತ್ತಿರ ಎಂದರೆ, ಊಟದ ತೊಂದರೆಯವರನ್ನು ನಿಜವಾಗಿ ನೋಡಿದವರ ಹತ್ತಿರ. ಬೆಂಗಳೂರಿನವರಾದರೂ ಪರವಾಗಿಲ್ಲ. ಆದರೆ ನಮ್ಮ ಮನೆಗಳ ಊಟದ ಲೆಕ್ಕ ಅವರಿಗೆ ನೀವೇ ಹೇಳಿಕೊಡಬೇಕು. ನನ್ನ ಇನ್ನೊಬ್ಬ ಕ್ಲೈಂಟ್ ಸೋಮವಾರ ಒಪ್ಪತ್ತು, ಏಕಾದಶಿ ಉಪವಾಸ, ಸಂಕಷ್ಟಿ ಎಲ್ಲ ಹಿಡಿದಿದ್ದಳು. ಮೊದಲು ಸಿಕ್ಕ ಸೂಪರ್‌ವೈಸರ್, 'ಅದು ಸಂಪ್ರದಾಯ, ಮುಟ್ಟಬೇಡಿ' ಅಂದುಬಿಟ್ಟರು. ಎರಡನೆಯವರು ನಮ್ಮ ಕಡೆಯವರೇ. ಅವರು ಕೇಳಿದರು, 'ಏಕಾದಶಿ ಮಾಡಿದವಳು ದ್ವಾದಶಿ ಬೆಳಿಗ್ಗೆ ಪಾರಣೆ ಮಾಡುತ್ತಾಳಾ?' ನಾನು ಕೇಳಿಯೇ ಇರಲಿಲ್ಲ. ವಿಚಾರಿಸಿದರೆ ಇಲ್ಲ. ಅವತ್ತು ಅವಳಿಗೆ ತಲೆನೋವಂತೆ. ಅವಳ ಅಜ್ಜಿಯೂ ಏಕಾದಶಿ ಮಾಡುತ್ತಾರೆ. ಮಾರನೇ ದಿನ ಬೆಳಗಾಗುತ್ತಲೇ ಸ್ನಾನ ಮಾಡಿ ಊಟಕ್ಕೆ ಕೂರುತ್ತಾರೆ. ಆ ಒಂದು ಪ್ರಶ್ನೆಯಿಂದ ಕೇಸ್ ತೆರೆಯಿತು.

ನಿಮ್ಮ ಪಿಯುಸಿ ಹುಡುಗಿಯ ಮನೆಯಲ್ಲಿ ತೋಟ ಇದ್ದರೆ ಅಡಿಕೆ ಕೊಯ್ಲಿನ ತಿಂಗಳುಗಳನ್ನೂ ವಿಚಾರಿಸಿ. ರಾತ್ರಿ ಅಡಿಕೆ ಸುಲಿಯಲು ಮನೆ ತುಂಬ ಜನ. ಯಾರು ಉಂಡರು, ಯಾರು ಬಿಟ್ಟರು ಎಂದು ನೋಡುವವರೇ ಇರುವುದಿಲ್ಲ.

ಎಷ್ಟು ದಿನಕ್ಕೊಮ್ಮೆ? ಮೂರು ಕೇಸ್ ಇರುವಾಗ ಹದಿನೈದು ದಿನಕ್ಕೆ ಒಂದು ಗಂಟೆಗಿಂತ ಕಡಿಮೆ ಬೇಡ. ದುಡ್ಡು ಕೊಟ್ಟೇ ಮಾಡಿಸಿಕೊಳ್ಳಿ. ನನ್ನ ಎರಡು ಸೆಷನ್‌ಗಳ ಫೀಸು ಒಂದು ಸೂಪರ್‌ವಿಷನ್‌ಗೆ ಹೋಗುತ್ತದೆ. ಪುಕ್ಕಟೆ ಸ್ನೇಹದಲ್ಲಿ ಯಾರೂ ನಿಮ್ಮ ಫೈಲಿನ ಕಟ್ಟಿನ ಬಗ್ಗೆ ಕೇಳುವುದಿಲ್ಲ.

ತೀರ್ಥಹಳ್ಳಿಯ ಫಿಸಿಷಿಯನ್

ನಾನು ಸೈಕಾಲಜಿಯವನಲ್ಲ. ಆದರೂ ಮಧ್ಯೆ ಬಾಯಿ ಹಾಕುತ್ತೇನೆ. ಸೂಪರ್‌ವೈಸರ್ ಎಷ್ಟೇ ದೊಡ್ಡವರಾಗಿರಲಿ, ಫೋನಿನಲ್ಲಿ ನಾಡಿ ಹಿಡಿಯಲು ಆಗುವುದಿಲ್ಲ. ಅವರ ಜೊತೆಗೆ ನಿಮ್ಮ ಊರಲ್ಲೇ ಒಬ್ಬ ಡಾಕ್ಟರ್ ಬೇಕು. ಇಬ್ಬರಿಗೂ ಒಬ್ಬರಿಗೊಬ್ಬರು ಇದ್ದಾರೆ ಎಂದು ಗೊತ್ತಿರಬೇಕು.

ಹುಡುಗಿಯನ್ನು ಈ ವಾರವೇ ಕಳಿಸಿ. ಇಸಿಜಿ, ಸೋಡಿಯಂ, ಪೊಟ್ಯಾಸಿಯಂ, ಫಾಸ್ಫರಸ್, ಮೆಗ್ನೀಸಿಯಂ, ಶುಗರ್. ಮಲಗಿದಾಗೊಮ್ಮೆ ಬಿಪಿ, ನಿಂತಾಗೊಮ್ಮೆ ಬಿಪಿ. ಕುಕ್ಕರಗಾಲಲ್ಲಿ ಕೂತು ಕೈ ಊರದೆ ಏಳಲು ಹೇಳುತ್ತೇವೆ. ಏಳಲಾಗದಿದ್ದರೆ ಸ್ನಾಯು ಸೋತಿದೆ ಎಂದರ್ಥ. ವಾಂತಿ ಮಾಡುವವರಿಗೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ಹಾದಿ ತಪ್ಪಬಹುದು. ಅವರು ನೋಡಲು ಮೈಕೈ ತುಂಬಿಕೊಂಡು ಚೆನ್ನಾಗಿಯೇ ಇರುತ್ತಾರೆ. ನಿಮ್ಮ ಎರಡನೇ ಕ್ಲೈಂಟ್ ಬಗ್ಗೆ ನನಗೆ ಅದೇ ಚಿಂತೆ.

ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್‌ನವರು 2022ರಲ್ಲಿ ಊಟದ ತೊಂದರೆಯವರ ತುರ್ತು ಸ್ಥಿತಿಗಳ ಬಗ್ಗೆ ಮೀಡ್ ಎಂಬ ಮಾರ್ಗಸೂಚಿ ತಂದಿದ್ದಾರೆ. ಎಚ್ಚರ ಇರುವಾಗ ನಾಡಿ 40ಕ್ಕಿಂತ ಕಡಿಮೆ, ಪೊಟ್ಯಾಸಿಯಂ 2.5ಕ್ಕಿಂತ ಕಡಿಮೆ, ಮೊದಲೇ ಸೊರಗಿದವರು ಸತತ ಎರಡು ವಾರ ವಾರಕ್ಕೊಂದು ಕಿಲೋ ಇಳಿಯುವುದು, ಇವೆಲ್ಲ ಅದರಲ್ಲಿ ಕೆಂಪು ಪಟ್ಟಿಯಲ್ಲಿವೆ. ಅಲ್ಲಿಗೆ ಬಂದರೆ ಮಾತುಕತೆ ಆಮೇಲೆ, ಆಸ್ಪತ್ರೆ ಮೊದಲು. ಇನ್ನೊಂದು ಮಾತು. ರಕ್ತದ ರಿಪೋರ್ಟ್ ನಾರ್ಮಲ್ ಬಂತು ಅಂದರೆ ಅಪಾಯ ಇಲ್ಲ ಅಂತಲ್ಲ. ದೇಹ ಕೊನೆಯ ತನಕ ಸರಿದೂಗಿಸಿಕೊಂಡು ಹೋಗುತ್ತದೆ.

ಒಂದು ಕೇಸ್ ಹೇಳುತ್ತೇನೆ, ಊರು ಬೇಡ. ಊಟ ಬಿಟ್ಟು ಸೊರಗಿದ ಹುಡುಗ. ಸುಸ್ತು ಎಂದು ಎಲ್ಲೋ ಗ್ಲೂಕೋಸ್ ಬಾಟಲಿ ಮೇಲೆ ಬಾಟಲಿ ಏರಿಸಿದರು. ಮನೆಗೆ ಬಂದರೆ ಅಜ್ಜಿ ಗಂಜಿಗೆ ತುಪ್ಪ ಸುರಿದು ಉಣ್ಣಿಸಿದರು. ಪ್ರೀತಿಯಿಂದಲೇ. ಮೂರನೇ ದಿನ ಕಾಲು ಊದಿ, ಏದುಸಿರು ಬಿಡುತ್ತಾ ನಮ್ಮಲ್ಲಿಗೆ ಬಂದ. ಫಾಸ್ಫರಸ್ ಪಾತಾಳ ಸೇರಿತ್ತು. ಬಹಳ ದಿನ ಹಸಿದ ದೇಹಕ್ಕೆ ಏಕಾಏಕಿ ಸಕ್ಕರೆ ಸಿಕ್ಕರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಸಿಯಂ ಎಲ್ಲ ಜೀವಕೋಶದೊಳಗೆ ನುಗ್ಗುತ್ತವೆ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಹುಡುಗ ಉಳಿದ. ಅದಕ್ಕೇ ಮೊದಲು ಥಯಾಮಿನ್ (ಬಿ1 ವಿಟಮಿನ್) ಕೊಟ್ಟು, ರಕ್ತ ನೋಡಿಕೊಳ್ಳುತ್ತಾ ಊಟ ಏರಿಸಬೇಕು. ಹಾಗಂತ ಹೆದರಿ ತೀರಾ ಕಡಿಮೆ ಕೊಡುತ್ತಾ ಕೂರುವುದೂ ತಪ್ಪು. ಕೌನ್ಸೆಲರ್ ಆದವರು 'ಚೆನ್ನಾಗಿ ತಿನ್ನಿಸಿ' ಎಂದು ಸುಮ್ನೆ ಮನೆಗೆ ಕಳಿಸಬಾರದು, ಅಷ್ಟೇ.

ಭದ್ರಾವತಿಯ ಡಯಟಿಷಿಯನ್

ಡಾಕ್ಟ್ರು ಹೇಳಿದ್ದು ಸರಿ. ನನ್ನದು ಬೇರೆ ಗೋಳು. ಒಂದು ಕೇಸ್‌ನಲ್ಲಿ ನಾನು ಮೂರು ಹೊತ್ತು ಊಟ, ಮಧ್ಯೆ ಎರಡು ತಿಂಡಿ ಎಂದು ಬರೆದುಕೊಟ್ಟಿದ್ದೆ. ಹುಡುಗಿ ಕೌನ್ಸೆಲರ್ ಹತ್ತಿರ ಹೋಗಿ, 'ಆ ಮೇಡಂ ಬಲವಂತ ಮಾಡುತ್ತಾರೆ, ನೀವೊಬ್ಬರೇ ನನ್ನನ್ನು ಅರ್ಥ ಮಾಡಿಕೊಂಡವರು' ಅಂದಳು. ಕೌನ್ಸೆಲರ್ ನನಗೆ ಫೋನ್ ಮಾಡಿ ರೇಗಿದರು. ನಾನೂ ಬಿಡಲಿಲ್ಲ. ಅವಳ ಮನೆಯಲ್ಲಿ ಅಪ್ಪ ಅಮ್ಮ ಆಡುವ ಜಗಳವನ್ನೇ ನಾವಿಬ್ಬರೂ ಆಡುತ್ತಿದ್ದೆವು! ನಮ್ಮನ್ನು ಒಟ್ಟಿಗೆ ಕೂರಿಸಿದ ಸೂಪರ್‌ವೈಸರ್ ಹೇಳಿದ ಮೇಲೆ ಗೊತ್ತಾಯಿತು. ಇದನ್ನು ಸರ್ಲ್ಸ್ ಎಂಬ ಅಮೆರಿಕದ ಮನೋವೈದ್ಯರು 1955ರಲ್ಲೇ ಗುರುತಿಸಿದ್ದರಂತೆ. ಚಿಕಿತ್ಸೆಯಲ್ಲಿ ನಡೆಯುವುದು ಸೂಪರ್‌ವಿಷನ್‌ನಲ್ಲೂ ಪ್ರತಿಬಿಂಬಿಸುತ್ತದೆ ಅಂತ. ನಿಮ್ಮ ಹತ್ತಿರ ಡಯಟಿಷಿಯನ್ ಇದ್ದರೆ ತಿಂಗಳಿಗೊಮ್ಮೆಯಾದರೂ ಅವರನ್ನೂ ಕರೆದುಕೊಂಡು ಹೋಗಿ.

ಮನೆಯವರು 'ಹಟ, ಕೊಬ್ಬು' ಎಂದರೆ ನಾನು ಅಮೆರಿಕದ ಮಿನೆಸೋಟಾದಲ್ಲಿ ನಡೆದ ಪ್ರಯೋಗದ ಕತೆ ಹೇಳುತ್ತೇನೆ. 1944-45ರಲ್ಲಿ ಆನ್ಸೆಲ್ ಕೀಸ್ ಎನ್ನುವವರು 36 ಜನ ಗಟ್ಟಿಮುಟ್ಟು ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಅವರಿಗೆ ಹಗಲೂ ರಾತ್ರಿ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಕೂಡಿಟ್ಟರು, ತಟ್ಟೆ ನೆಕ್ಕಿದರು, ಸಿಡುಕಿದರು, ಮಂಕಾದರು. ಅಂದರೆ ಈ ನಡವಳಿಕೆಯಲ್ಲಿ ಎಷ್ಟೋ ಭಾಗ ಹಸಿವಿನದ್ದೇ. ಅಜ್ಜಿಯರಿಗೆ ಇದು ಬೇಗ ಅರ್ಥವಾಗುತ್ತದೆ.

ಕೊಪ್ಪದ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್

ಗುಟ್ಟಿನ ವಿಷಯ ಯಾರೂ ಹೇಳಲಿಲ್ಲ. ನಮ್ಮ ಕಡೆ ಊರು ಹೇಳಿ, ಮನೆ ಹೆಸರು ಹೇಳಿದರೆ ಜಾತಕವೇ ಸಿಕ್ಕ ಹಾಗೆ. 'ಮೇಲಿನಮನೆ ಹುಡುಗಿ, ಉಡುಪಿಯಲ್ಲಿ ಓದುತ್ತಾಳೆ' ಅಂದರೆ ಮುಗಿಯಿತು. ಸೂಪರ್‌ವೈಸರ್ ಅವಳ ಚಿಕ್ಕಮ್ಮನೇ ಆಗಿರಬಹುದು! 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದೇ ಹೇಳುತ್ತದೆ. ನಾನು ಊರು, ಜಾತಿ, ಬೆಳೆ, ಕಾಲೇಜು ಎಲ್ಲ ಬದಲಿಸಿ ಹೇಳುತ್ತೇನೆ. ಶುರುವಿನಲ್ಲೇ ಕ್ಲೈಂಟ್‌ಗೂ ತಿಳಿಸಿರುತ್ತೇನೆ, ನಾನು ಒಬ್ಬರ ಹತ್ತಿರ ಸಲಹೆ ಕೇಳುತ್ತೇನೆ ಅಂತ. ವಾಟ್ಸಾಪ್ ಗ್ರೂಪಿನಲ್ಲಿ ಕೇಸ್ ಹಾಕಬೇಡಿ, ದಯವಿಟ್ಟು.

ನೆಟ್‌ವರ್ಕ್ ವಿಷಯ: ಜೂನ್‌ನಿಂದ ಸೆಪ್ಟೆಂಬರ್ ತನಕ ನಾವು ನಾಲ್ಕು ಜನ ತಿಂಗಳಿಗೊಮ್ಮೆ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋಗಿ ಎರಡು ಗಂಟೆ ಕೂರುತ್ತೇವೆ. ಮಧ್ಯದಲ್ಲಿ ಏನಾದರೂ ಆದರೆ ಬರಿ ವಾಯ್ಸ್ ಕಾಲ್. ಗುಂಪಿನಲ್ಲಿ ಕೂತರೆ ಒಬ್ಬರನ್ನೊಬ್ಬರು ಹೊಗಳಿಕೊಂಡು ಬರುವ ಅಪಾಯ ಇದೆ. ಅದಕ್ಕೇ ಒಬ್ಬ ಹಿರಿಯರನ್ನು ಇಟ್ಟುಕೊಂಡಿದ್ದೇವೆ.

ಆಮೇಲೆ ನಮ್ಮ ಸ್ವಂತ ಊಟ. ಒಂದು ಮನೆ ಭೇಟಿಗೆ ಹೋಗಿದ್ದೆ. ಹುಡುಗಿಯ ತಾಯಿ ಹಲಸಿನ ಹಣ್ಣಿನ ಕಡುಬು, ಮೇಲೆ ತುಪ್ಪ ಹಾಕಿ ತಂದಿಟ್ಟರು. ಆಗ ನಾನು ಸಕ್ಕರೆ, ಬೆಲ್ಲ ಬಿಟ್ಟು ತೂಕ ಇಳಿಸುತ್ತಿದ್ದೆ. 'ಬೇಡ ಅಮ್ಮ, ಈಗಷ್ಟೇ ಆಯಿತು' ಅಂದೆ. ತಲೆ ಎತ್ತಿದರೆ ಹುಡುಗಿ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಅವಳೂ ತಾಯಿಗೆ ದಿನಾ ಹೇಳುವ ಮಾತು ಅದೇ, 'ಈಗಷ್ಟೇ ಆಯಿತು'. ಇದನ್ನು ಸೂಪರ್‌ವಿಷನ್‌ನಲ್ಲಿ ಹೇಳಲು ನನಗೆ ಮೂರು ತಿಂಗಳು ಬೇಕಾಯಿತು.

ಊರು, ಹೆಸರು ಬೇಡ

ನಾನೂ ಥೆರಪಿಸ್ಟ್. ಡಿಗ್ರಿ ಓದುವಾಗ ಎರಡು ವರ್ಷ ತಿಂದು ವಾಂತಿ ಮಾಡುತ್ತಿದ್ದೆ. ಈಗ ಇಲ್ಲ. ಕ್ಲೈಂಟ್‌ಗಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಸೂಪರ್‌ವೈಸರ್‌ಗೆ ಮೊದಲ ದಿನವೇ ಹೇಳಿದೆ. ಕೇಳಿದ ಮೇಲೆ ಅವರು ನನ್ನ ಕೇಸ್ ಕಿತ್ತುಕೊಳ್ಳಲಿಲ್ಲ. 'ಯಾವ ವಾರ ನಿಮಗೆ ಊಟ ಕಷ್ಟವಾಯಿತು ಎಂದು ನನಗೆ ಹೇಳುತ್ತಿರಿ' ಅಂದರು ಅಷ್ಟೇ. ಹೇಳಿಕೊಳ್ಳಲು ಆಗದಂಥ ಸೂಪರ್‌ವೈಸರ್ ಸಿಕ್ಕರೆ ಬದಲಿಸಿ.

ಮತ್ತೆ ಸಾಗರದಿಂದ

ಎಲ್ಲರಿಗೂ ಧನ್ಯವಾದ. ಡಾಕ್ಟ್ರೇ, ನೀವು ಬರೆದ ಮಾರನೇ ದಿನವೇ ಹುಡುಗಿಯನ್ನು ಇಲ್ಲಿನ ಫಿಸಿಷಿಯನ್ ಹತ್ತಿರ ಕರೆದುಕೊಂಡು ಹೋಗಿದ್ದೆ. ನಾಡಿ 48. ಫಾಸ್ಫರಸ್ ಟೆಸ್ಟ್ ಇಲ್ಲಿ ಮಾಡುವುದಿಲ್ಲವಂತೆ, ಸ್ಯಾಂಪಲ್ ಹೊರಗೆ ಹೋಗಿದೆ. ವಾರಕ್ಕೊಮ್ಮೆ ನೋಡುತ್ತೇನೆ ಎಂದಿದ್ದಾರೆ. ವಾಂತಿ ಮಾಡುವವರೂ ಪೊಟ್ಯಾಸಿಯಂ ನೋಡಿಸಲು ಒಪ್ಪಿದ್ದಾರೆ. ರಾತ್ರಿ ಕಷ್ಟವಾದರೆ ಕರೆ ಮಾಡಲಿ ಎಂದು ಇಬ್ಬರಿಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟಿದ್ದೇನೆ. ಅದು ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಮ್ ಹುಡುಗನನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಮೊದಲು ದಪ್ಪ ಇದ್ದನಂತೆ. 20 ಕಿಲೋ ಇಳಿಸಿದ್ದಕ್ಕೆ ಎಲ್ಲರೂ ಭೇಷ್ ಅಂದಿದ್ದಾರೆ, ನಾನೂ ಅಂದಿದ್ದೆ. ಅವನಿಗೂ ಇಸಿಜಿ ಮಾಡಿಸುತ್ತೇನೆ.

ಸೂಪರ್‌ವೈಸರ್ ಒಬ್ಬರು ಸಿಕ್ಕಿದ್ದಾರೆ. ಹದಿನೈದು ದಿನಕ್ಕೊಮ್ಮೆ ಬುಧವಾರ ಬೆಳಿಗ್ಗೆ ಏಳಕ್ಕೆ. ಆ ಹೊತ್ತಿಗೆ ನಮ್ಮ ಮನೆ ಮಹಡಿ ಮೆಟ್ಟಿಲ ಮೇಲೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ.

ಕಡುಬಿನ ವಿಷಯ ಓದಿದಾಗ ಒಂದು ನೆನಪಾಯಿತು, ಮೇಲೆ ಬರೆದಿರಲಿಲ್ಲ. ಹೋದ ವಾರ ಹುಡುಗಿ ಇದ್ದಕ್ಕಿದ್ದಂತೆ, 'ಮೇಡಂ, ನೀವು ಬೆಳಿಗ್ಗೆ ಏನು ತಿಂದಿರಿ?' ಅಂದಳು. 'ಎರಡು ಅಕ್ಕಿ ರೊಟ್ಟಿ, ಚಟ್ನಿ' ಅಂದೆ. ನಾನು ಕುಡಿದಿದ್ದು ಬರಿ ಕಾಫಿ. ನೋಟ್ಸ್‌ನಲ್ಲೂ ಇದನ್ನು ಬರೆದಿಲ್ಲ. ಬುಧವಾರ ಇಲ್ಲಿಂದಲೇ ಶುರು ಮಾಡುತ್ತೇನೆ.